ಮದುವೆಮನೆಯ ಆಟಗಳು: ಉರುಟಣೆ, ಒಡಪು, ಬೀಗರ ಹಾಡು

ಕಳೆದ ತಿಂಗಳು ಮಿತ್ರರೊಬ್ಬರ ಮಗಳ ಮದುವೆಯ ಹಿಂದಿನ ಸಂಜೆ ಪುಣೆಯ ಒಂದು ಮಂಗಲ ಕಾರ್ಯಾಲಯದಲ್ಲಿ ಸೇರಿದ್ದೆವು. ಹೆಣ್ಣಿನ ಕಡೆಯವರು ಧಾರವಾಡದವರು, ಗಂಡಿನ ಕಡೆಯವರು ಸಾತಾರೆಯ ಮರಾಠಿಗರು. ಇವರು ಈ ಬದಿಗೆ, ಅವರು ಆ ಬದಿಗೆ. ನಡುವೆ ಖಾಲಿ ಕುರ್ಚಿಗಳ ಒಂದು ಸಾಲು. ಅತಿಥಿಗಳ ಸಂಕೋಚ ಬಿಡಿಸಲೆಂದೇ ಹಣ ಕೊಟ್ಟು ಕರೆಸಿದ್ದ ತರುಣನೊಬ್ಬ ಎಲ್ಲರಿಗೂ ಚೀಟಿ ಹಂಚಿ, ಅದರಲ್ಲಿ ಬರೆದ ವಿವರಕ್ಕೆ ಹೊಂದುವವರನ್ನು ಎದುರಿನ ಕಡೆಯಲ್ಲಿ ಹುಡುಕಿರೆಂದ. ಹಿರಿಯರು ಚೀಟಿ ಮಡಿಚಿ ಜೇಬಿಗಿಟ್ಟರು. ಆಗ ಹುಡುಗಿಯ ಅಜ್ಜಿ, "ಇದೇನಪಾ, ಪರೀಕ್ಷಾ ಏನು? ನಮ್ಮ ಕಾಲದಾಗ ಒಡಪು ಹಾಕ್ತಿದ್ವಿ" ಎಂದು ಎದ್ದುನಿಂತು, ಒಂದು ಒಡಪು ಹಾಕಿ ಗಂಡನ ಹೆಸರು ಹೇಳಿಯೇಬಿಟ್ಟರು. ಕನ್ನಡ ತಿಳಿಯದ ಹುಡುಗನ ಅಜ್ಜಿ, ಧಾಟಿಯಿಂದಲೇ ಅದನ್ನು ಗುರುತಿಸಿ, ಮರಾಠಿಯಲ್ಲಿ ಒಂದು ಉಖಾಣೆ ಹೇಳಿದರು. ಮುಂದಿನ ಅರ್ಧ ಗಂಟೆಯಲ್ಲಿ ಖಾಲಿ ಕುರ್ಚಿಗಳೆಲ್ಲ ತುಂಬಿದ್ದವು.

ಹಣ ಕೊಟ್ಟು ತರಿಸಿದ ಆಟ ಮಾಡಲಾರದ ಕೆಲಸವನ್ನು ಹಳೆಯ ಆಟ ಹೇಗೆ ಮಾಡಿತೆಂದು ಅಂದಿನಿಂದ ಯೋಚಿಸುತ್ತಿದ್ದೇನೆ.

ನಮ್ಮ ನಾಡಿನಲ್ಲಿ ಆಟವಿನೋದಗಳನ್ನು ಹಗುರವಾಗಿ ಕಂಡವರಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಐದು ಭಾಗಗಳಲ್ಲಿ ಒಂದು ವಿನೋದಗಳಿಗೂ ಇನ್ನೊಂದು ಕ್ರೀಡೆಗಳಿಗೂ ಮೀಸಲು. ಮದುವೆಯ ಹಾಡುಗಳ ಪರಂಪರೆಯೂ ಹಳೆಯದೇ. 13ನೆಯ ಶತಮಾನದ ಕೊನೆಯಲ್ಲಿ ಮಹಾನುಭಾವ ಪಂಥದ ಮಹದಂಬೆ ರುಕ್ಮಿಣಿಯ ವಿವಾಹವನ್ನು ಕುರಿತು ಮರಾಠಿಯಲ್ಲಿ 'ಧವಳೆ'ಗಳನ್ನು ರಚಿಸಿದಳು. ಕನ್ನಡದಲ್ಲಿ ವಾದಿರಾಜರ 'ಲಕ್ಷ್ಮೀ ಶೋಭಾನೆ'ಯನ್ನು ಇಂದಿಗೂ ಮದುವೆಮನೆಗಳಲ್ಲಿ ಹಾಡುತ್ತಾರೆ.

ಆದರೆ ಆಟಗಳಿಗೆ ಬಿಡುವು ದೊರೆತದ್ದು ಮದುವೆ ಹಲವು ದಿನಗಳದಾಗಿದ್ದುದರಿಂದ. ವಿವಾಹದ ಬಳಿಕ ವಧೂವರರು ಮೂರು ರಾತ್ರಿ ವ್ರತದಲ್ಲಿದ್ದು ನೆಲದ ಮೇಲೆ ಮಲಗಬೇಕೆಂದು ಗೃಹ್ಯಸೂತ್ರಗಳು ವಿಧಿಸುತ್ತವೆ. ನಾಲ್ಕನೆಯ ದಿನದ ಕರ್ಮದಿಂದ ಆ ವ್ರತ ಮುಗಿಯುತ್ತದೆ. ನಾಲ್ಕೈದು ದಿನಗಳ ಮದುವೆಗೆ ಇದೇ ಬುನಾದಿ. ಈ ಬಿಡುವಿನ ಸಂಜೆಗಳಲ್ಲಿ ನಡೆಯುತ್ತಿದ್ದುದು ಉರುಟಣೆ. ವಧೂವರರನ್ನು ಎದುರುಬದುರು ಕೂರಿಸಿ ತೆಂಗಿನಕಾಯಿ ಉರುಳಿಸುವುದು, ಹೂಚೆಂಡು ಎಸೆಯುವುದು, ಒಬ್ಬರಿಗೊಬ್ಬರು ಅರಿಶಿನ ಗಂಧ ಹಚ್ಚುವುದು, ಓಕುಳಿಯ ಪಾತ್ರೆಯಲ್ಲಿ ಬಿದ್ದ ಉಂಗುರವನ್ನು ಹುಡುಕುವುದು. ತಮಿಳರ ನಲಂಗು, ಪಂಜಾಬಿಗಳು ಹಾಲು ಬೆರೆಸಿದ ನೀರಿನಲ್ಲಿ ಉಂಗುರ ಹುಡುಕಿಸುವ ಆಟ, ಇವೆಲ್ಲ ಇದರ ಒಡಹುಟ್ಟುಗಳೇ.

ವಿಜ್ಞಾನ ಓದಿದ ನನಗೆ ಓಕುಳಿಯ ಮೇಲೆ ವಿಶೇಷ ಪ್ರೀತಿ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದೊಡನೆ ಹಳದಿ ಕೆಂಪಾಗುತ್ತದೆ. ಅರಿಶಿನದ ಬಣ್ಣದ ವಸ್ತುವು ಕ್ಷಾರದ ಸಂಪರ್ಕದಲ್ಲಿ ಹೀಗೆ ಬದಲಾಗುತ್ತದೆ. ಆ ಕೆಂಪು ನೀರಿನಲ್ಲಿ ಉಂಗುರ ಕಾಣಿಸದು, ಕೈಗಳೂ ಕಾಣಿಸವು. ಹತ್ತಾರು ಜನರ ಎದುರಿಗೆ ಇಬ್ಬರು ಅಪರಿಚಿತರು ಮೊದಲ ಬಾರಿ ಕೈ ತಾಗಿಸಬೇಕಾದರೆ ಇದಕ್ಕಿಂತ ಒಳ್ಳೆಯ ಮರೆ ಯಾವುದು?

ಒಡಪಿನ ಜಾಣತನ ಬೇರೆ ಬಗೆಯದು. ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಕರೆಯಬಾರದೆಂಬ ಕಟ್ಟು ಕನ್ನಡ ನಾಡಿನಲ್ಲೂ ಮಹಾರಾಷ್ಟ್ರದಲ್ಲೂ ಇತ್ತು. ಆ ಕಟ್ಟನ್ನು ಮುರಿಯದೆ, ಪ್ರಾಸದ ಸಾಲಿನ ಕೊನೆಗೆ ಹೆಸರನ್ನಿಟ್ಟು ಹೇಳಲು ಆಟವೇ ಅವಳಿಗೆ ಅನುಮತಿ ಕೊಟ್ಟಿತು. ಒಡಪು ಎಂದರೂ ಉಖಾಣೆ ಎಂದರೂ ಒಗಟು ಎಂಬ ಅರ್ಥವೂ ಉಂಟು. ಗಡಿಯ ಎರಡೂ ಬದಿಯ ಹೆಂಗಸರು ಒಂದೇ ಉಪಾಯವನ್ನು ಎರಡು ಭಾಷೆಗಳಲ್ಲಿ ಬಾಳಿಸಿದ್ದಾರೆ. ಅಂದು ಆ ಇಬ್ಬರು ಅಜ್ಜಿಯರಿಗೆ ದುಭಾಷಿ ಬೇಕಾಗಲಿಲ್ಲವೆಂಬುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಬೀಗರ ಹಾಡು. ಬೀಗರ ಬಿಂಕವನ್ನು, ಬೀಗಿತ್ತಿಯ ಅಲಂಕಾರವನ್ನು, ಊಟದ ಪಂಕ್ತಿಯಲ್ಲಿ ಅವರ ಹಸಿವನ್ನು ಹೆಣ್ಣಿನ ಕಡೆಯವರು ಹಾಡಿನಲ್ಲಿ ಹಂಗಿಸುತ್ತಿದ್ದರು. ಉತ್ತರದಲ್ಲಿ ಇದಕ್ಕೆ 'ಗಾರಿ' ಎನ್ನುತ್ತಾರೆ. ತುಲಸೀದಾಸರ 'ರಾಮಚರಿತಮಾನಸ'ದಲ್ಲಿ ಶ್ರೀರಾಮನ ಮದುವೆಯೂಟದಲ್ಲಿ ಮಿಥಿಲೆಯ ಸ್ತ್ರೀಯರು ದಶರಥನ ಕಡೆಯವರಿಗೆ ಗಾರಿ ಹಾಡುತ್ತಾರೆ. ದಶರಥ ಕೋಪಿಸಿಕೊಳ್ಳುವುದಿಲ್ಲ, ನಗುತ್ತಾನೆ. ವರ್ಷವಿಡೀ ಗಂಡಿನ ಕಡೆಯವರಿಗೆ ತಲೆಬಾಗಬೇಕಾದವರಿಗೆ ಅದೊಂದು ದಿನ ಮಾತಿನ ಸ್ವಾತಂತ್ರ್ಯ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಲೇಖನ ಸಿಹಿಯಾಗಿ ಮುಗಿಯುತ್ತದೆ, ಆದರೆ ಸತ್ಯ ಅರ್ಧವಾಗುತ್ತದೆ. ಉರುಟಣೆಯಲ್ಲಿ ಅಷ್ಟೊಂದು ಮಕ್ಕಳಾಟವೇಕೆ? ಎಷ್ಟೋ ಮದುವೆಗಳಲ್ಲಿ ಕೂತವರು ಮಕ್ಕಳೇ ಆಗಿದ್ದುದರಿಂದ. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಬೇಕಾಯಿತೆಂದರೆ ಪರಿಸ್ಥಿತಿ ಹೇಗಿತ್ತೆಂದು ಊಹಿಸಬಹುದು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಹುಡುಗಿಗೆ 14, ಹುಡುಗನಿಗೆ 18 ವರ್ಷವೆಂದು ನಿಗದಿ ಮಾಡಿತು. ಅದು ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ಅಷ್ಟರೊಳಗೆ ಮುಗಿಸಿಬಿಡೋಣವೆಂದು ಅವಸರದಿಂದ ನಡೆದ ಮದುವೆಗಳು ಅಸಂಖ್ಯ.

ಅವುಗಳಲ್ಲಿ ನನ್ನ ಅಜ್ಜಿಯದೂ ಒಂದು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1930ರ ಫಾಲ್ಗುಣದಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ ಆಕೆಯ ಮದುವೆಯಾಯಿತು. ನಾಲ್ಕು ದಿನಗಳಲ್ಲಿ ಆಕೆಗೆ ನೆನಪುಳಿದದ್ದು ಓಕುಳಿಯಲ್ಲಿ ಉಂಗುರ ತನಗೇ ಸಿಕ್ಕಿತೆಂಬುದು ಮಾತ್ರ. "ನಾ ಅದು ಆಟ ಅಂತನ ತಿಳಿದಿದ್ದೆ. ಮದುವಿ ಅಂತ ತಿಳಿದದ್ದು ಮೂರು ವರ್ಷದ ಮ್ಯಾಲೆ, ಗಾಡಿ ಹೂಡಿ ಕಳಿಸಿದಾಗ" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಕೇಳಿದ ನಮಗೆ ನಗು ಬರುತ್ತಿರಲಿಲ್ಲ.

1978ರ ತಿದ್ದುಪಡಿಯಿಂದ ವಯೋಮಿತಿ 18 ಮತ್ತು 21ಕ್ಕೆ ಏರಿತು. ರಜೆ, ಬಾಡಿಗೆ, ಖರ್ಚು ಇವುಗಳ ಒತ್ತಡದಿಂದ ನಗರದ ಮದುವೆ ಎರಡು ದಿನಕ್ಕೆ, ಒಂದು ದಿನಕ್ಕೆ ಇಳಿಯಿತು. ಉರುಟಣೆ ಛಾಯಾಚಿತ್ರಕ್ಕಾಗಿ ಹತ್ತು ನಿಮಿಷ ನಡೆಯುವ ಶಾಸ್ತ್ರವಾಯಿತು. ಓದಿ, ದುಡಿದು, ಎಷ್ಟೋ ವೇಳೆ ತಾವೇ ಮೆಚ್ಚಿ ಮದುವೆಯಾಗುವ ವಧೂವರರಿಗೆ ಪರಿಚಯದ ಆಟ ಬೇಕಿಲ್ಲ. ಇದು ದುಃಖಪಡುವ ಸಂಗತಿಯಲ್ಲ, ಸಂತೋಷದ ಸಂಗತಿ.

ಆದರೆ ಅಪರಿಚಿತರು ಇಲ್ಲದಾಗಿಲ್ಲ. ಈಗ ಅಪರಿಚಿತರಾಗಿ ಕೂರುವವರು ಅಪ್ಪ ಅಮ್ಮಂದಿರು, ಅಜ್ಜಿ ತಾತಂದಿರು, ಬೇರೆ ಬೇರೆ ಭಾಷೆಯ ಬೀಗರು. ನಮ್ಮಂಥ ಹೊರನಾಡ ಕನ್ನಡಿಗರ ಮನೆಗಳಲ್ಲಂತೂ ಇದು ಹೆಚ್ಚು. ಆಟವನ್ನು ಮಕ್ಕಳಿಂದ ಬಿಡಿಸಿ ಹಿರಿಯರ ಕೈಗೆ ಕೊಡುವ ಕಾಲ ಬಂದಿದೆ. ಹಂಗಿಸುವ ಹಾಡಿನಲ್ಲಿ ನೋವು ಮಾಡುವುದನ್ನು ಬಿಡೋಣ. ಹೆಸರು ಹೇಳಬಾರದೆಂಬ ಕಟ್ಟನ್ನೂ ಬಿಡೋಣ. ಒಡಪನ್ನು ಮಾತ್ರ ಉಳಿಸಿಕೊಳ್ಳೋಣ, ಗಂಡಸರೂ ಹೆಂಡತಿಯ ಹೆಸರಿನ ಒಡಪು ಹಾಕಲಿ.

ಅಂದ ಹಾಗೆ, ಆ ಸಂಜೆ ಕೊನೆಗೆ ಚೀಟಿ ಹಂಚಿದ ತರುಣನೇ ಅಜ್ಜಿಯ ಬಳಿ ಕುಳಿತು ಒಂದು ಒಡಪು ಬರೆದುಕೊಂಡ. ಅವನಿಗೂ ಮುಂದಿನ ವರ್ಷ ಮದುವೆಯಂತೆ.