ಹಳೇ ಕಾರಿನ ಹೀಟರ್ ಮೋಟರ್: ಒಂದು ಬಿಸಿಗಾಳಿ ಪುರಾಣ

ಕನ್ನಡದಲ್ಲಿ ಕಾರಿನ ಹೀಟರ್ ಬಗ್ಗೆ ಬರೆಯೋದು ಅಂದ್ರೆ ಆಗುಂಬೆಯಲ್ಲಿ ಕೂತು ಒಂಟೆ ಸಾಕಣೆ ಬಗ್ಗೆ ಬರೆದ ಹಾಗೆ ಅಂತ ನಿಮಗೆ ಅನ್ನಿಸಬಹುದು :) ನಮ್ಮ ಕಾರುಗಳಲ್ಲಿ ಬಿಸಿಗಾಳಿ ಕೇಳದೇನೇ ಬರುತ್ತೆ. ಆದರೆ ಇಂಗ್ಲೆಂಡಿನಲ್ಲಿ ಎಂಜಿಬಿ, ಮಾರಿಸ್ ಮೈನರ್, ಹಳೇ ಮಿನಿ ಇಂಥವನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಚಳಿಗಾಲ ಬಂತೆಂದರೆ ಒಂದು ಹಳೇ ತಲೆನೋವು ಶುರು. ಸ್ವಿಚ್ ಹಾಕಿದರೆ ಡ್ಯಾಶ್‌ಬೋರ್ಡಿನ ಹಿಂದೆ 'ಕುಂಯ್' ಅನ್ನೋ ಸದ್ದು, ಗಾಳಿ ಮಾತ್ರ ಇಲ್ಲ. ಮುಂದಿನ ಗಾಜಿಗೆ ಮಂಜು ಹಿಡಿದು ರಸ್ತೆಯೇ ಕಾಣದು. ಹಳೇ ಮೋಟರನ್ನೇ ರಿಪೇರಿ ಮಾಡೋದೋ, ಜೋರಾಗಿ ಗಾಳಿ ಹಾಕುವ ಹೊಸದನ್ನು ಕೂರಿಸೋದೋ? ಇದು ತಿಳೀಬೇಕಾದರೆ ಆ ಮೋಟರ್ ಅಲ್ಲಿಗೆ ಬಂದ ಕಥೆ ಗೊತ್ತಿರಬೇಕು.

ಮೊದಮೊದಲು ಕಾರು ಅಂದರೆ ಮೇಲ್ಛಾವಣಿಯಿಲ್ಲದ ಗಾಡಿ. ಕಂಬಳಿ, ಕಾಲ ಕೆಳಗೆ ಕೆಂಡದ ಪೆಟ್ಟಿಗೆ, ಇಷ್ಟೇ ಹೀಟರ್. ಮುಚ್ಚಿದ ಕಾರುಗಳು ಸಾಮಾನ್ಯವಾದ ಮೇಲೆ ಎಂಜಿನ್ ಹೇಗೂ ಬಿಸಿಯಾಗುತ್ತಲ್ಲ, ಅದನ್ನೇ ಒಳಗೆ ತಂದರೆ ಅನ್ನೋ ಯೋಚನೆ ಬಂತು. ಫೋರ್ಡ್ ಮಾಡೆಲ್ ಎ ಕಾಲದ (1927-31) ಹೀಟರ್ ನೋಡಿ: ಹೊಗೆ ಹೋಗುವ ಮ್ಯಾನಿಫೋಲ್ಡ್ ಮೇಲೆ ಒಂದು ಲೋಹದ ಕವಚ, ರೇಡಿಯೇಟರ್ ಫ್ಯಾನ್ ತಳ್ಳಿದ ಗಾಳಿ ಅದರೊಳಗೆ ಹಾದು ಬಿಸಿಯಾಗಿ ಗೋಡೆಯ ತೂತಿನಿಂದ ಒಳಗೆ. ಮೋಟರೇ ಬೇಡ! ಆದರೆ ಗ್ಯಾಸ್ಕೆಟ್ ಸ್ವಲ್ಪ ಸೋರಿದರೆ ಬಿಸಿಗಾಳಿ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಬೆಚ್ಚಗೆ ಕೂತವರು ಹಾಗೇ ನಿದ್ದೆಗೆ ಜಾರಿದರೆ ಏಳುವ ಖಾತ್ರಿಯಿಲ್ಲ.

ಇದಕ್ಕಿಂತ ಕ್ಷೇಮವಾದದ್ದು ರೇಡಿಯೇಟರ್ ನೀರಿನ ಬಿಸಿ. ಆದರೆ ಅದಕ್ಕೊಂದು ವಿಚಿತ್ರ ಅಡ್ಡಿ ಇತ್ತು. ಚಳಿದೇಶದಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಜನ ಅದಕ್ಕೆ ಆಲ್ಕೋಹಾಲ್ ಬೆರೆಸುತ್ತಿದ್ದರು. ಮೆಥನಾಲ್ ಕುದಿಯೋದು 65 ಡಿಗ್ರಿಗೆ, ಎಥನಾಲ್ 78ಕ್ಕೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಆವಿಯಾಗಿ ಹೋಗೋದು! 1927ರಲ್ಲಿ ಪ್ರೆಸ್ಟೋನ್ ಹೆಸರಿನಲ್ಲಿ ಎಥಿಲೀನ್ ಗ್ಲೈಕಾಲ್ ಮಾರುಕಟ್ಟೆಗೆ ಬಂದ ಮೇಲೆ ನೀರನ್ನು ಧೈರ್ಯವಾಗಿ ಬಿಸಿ ಇಡೋದಕ್ಕೆ ಸಾಧ್ಯವಾಯ್ತು. ಹೀಟರ್ ಚರಿತ್ರೆಯಲ್ಲಿ ಮೋಟರಿಗಿಂತ ದೊಡ್ಡ ಹೀರೋ ಈ ಸಿಹಿ ವಿಷವೇ ಅಂತ ನನ್ನ ಅಭಿಪ್ರಾಯ.

1930ರ ದಶಕದಲ್ಲಿ ಅಮೆರಿಕದ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಡಬ್ಬಿ ಕಾಣಿಸಿಕೊಂಡಿತು. ಒಳಗೊಂದು ಪುಟ್ಟ ರೇಡಿಯೇಟರ್, ಹಿಂದೆ ಕರೆಂಟಿನ ಫ್ಯಾನ್. ನಮ್ಮ ಮೋಟರಿನ ಮುತ್ತಜ್ಜ ಇದೇ. ತೊಂದರೆ ಏನಪ್ಪಾ ಅಂದ್ರೆ, ಇದು ಒಳಗಿನ ಗಾಳಿಯನ್ನೇ ತಿರುತಿರುಗಿಸಿ ಬಿಸಿ ಮಾಡೋದು, ಹಾಗಾಗಿ ನಾಲ್ಕು ಜನರ ಉಸಿರಿನ ತೇವವೆಲ್ಲ ಗಾಜಿಗೆ ಅಂಟಿಕೊಳ್ಳೋದು. 1938ರಲ್ಲಿ ನ್ಯಾಶ್ ಕಂಪನಿ ಹೊರಗಿನ ಗಾಳಿಯನ್ನು ಎಳೆದು ಬಿಸಿ ಮಾಡಿ ಒಳಗೆ ತಳ್ಳುವ ವ್ಯವಸ್ಥೆ ತಂದಿತು. ಮರುವರ್ಷ ಅದಕ್ಕೆ ಥರ್ಮೋಸ್ಟಾಟ್ ಸೇರಿಸಿ 'ವೆದರ್ ಐ' ಅಂತ ಹೆಸರಿಟ್ಟಿತು.

ಬ್ರಿಟನ್ನಿನ ಕಥೆ ಬೇರೆ. ಅಲ್ಲಿ ಹೀಟರ್ ಅಂದ್ರೆ ಐಷಾರಾಮ! 1959ರ ಮಿನಿಗೆ ತೆರಿಗೆ ಸೇರಿ 500 ಪೌಂಡಿಗೂ ಸ್ವಲ್ಪ ಕಡಿಮೆ, ಹೀಟರ್ ಬೇಕಾದರೆ ಬೇರೆ ದುಡ್ಡು. 1962ರ ಎಂಜಿಬಿಗೂ ಹಾಗೇ. (ನಮ್ಮ ಅಂಬಾಸಿಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕೂಡ ಇದೇ ಬಿಎಂಸಿ ಮನೆತನದ್ದು.) ಸ್ಮಿತ್ಸ್ ಕಂಪನಿಯ ಆ ಹೀಟರುಗಳ ಗಾಳಿ ಸಣ್ಣದು ಅಂತ ಎಲ್ಲರೂ ಬೈಯ್ಯುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಆ ಕಾಲದ ಲೂಕಾಸ್ ಸಿ40 ಡೈನಮೋ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತೆ. ಮಳೆಯ ರಾತ್ರಿ ಎರಡು ಹೆಡ್‌ಲೈಟಿಗೆ ಏಳೂವರೆ, ಸಣ್ಣ ದೀಪಗಳಿಗೆ ಎರಡು, ಇಗ್ನಿಷನ್ನಿಗೆ ನಾಲ್ಕರ ಆಸುಪಾಸು, ವೈಪರಿಗೆ ಮೂರು. ಉಳಿಯೋದು ಐದೂವರೆ. ಸಿಗ್ನಲ್ಲಿನಲ್ಲಿ ನಿಂತರಂತೂ ಡೈನಮೋ ಏನೂ ಕೊಡದು, ಎಲ್ಲ ಬ್ಯಾಟರಿಯ ತಲೆಮೇಲೆ. ಪಾಪ, ಮೋಟರ್ ಇನ್ನೆಷ್ಟು ದೊಡ್ಡದಿರಲು ಸಾಧ್ಯ?

ಇನ್ನೊಂದು ಮಜಾ ಇದೆ. ಹಳೇ ಮೋಟರುಗಳಲ್ಲಿ ಆಯಸ್ಕಾಂತದ ಕೆಲಸವನ್ನೂ ತಂತಿ ಸುರುಳಿಯೇ ಮಾಡುತ್ತಿತ್ತು. 1952ರಲ್ಲಿ ಫಿಲಿಪ್ಸ್ ಸಂಶೋಧಕರು ಅಗ್ಗದ ಫೆರೈಟ್ ಆಯಸ್ಕಾಂತವನ್ನು ಪ್ರಕಟಿಸಿದ ಮೇಲೆ ಕ್ರಮೇಣ ಇಂಥ ಸಣ್ಣ ಮೋಟರುಗಳಿಗೆ ಕಾಯಂ ಆಯಸ್ಕಾಂತ ಬಂತು. ಸುರುಳಿಯ ಮೋಟರಿಗೆ ತಂತಿ ಅದಲುಬದಲು ಮಾಡಿದರೂ ಅದೇ ದಿಕ್ಕಿಗೆ ತಿರುಗುತ್ತೆ, ಕಾಯಂ ಆಯಸ್ಕಾಂತದ್ದು ಮಾತ್ರ ಉಲ್ಟಾ ತಿರುಗುತ್ತೆ. ಎಂಜಿಬಿಯಲ್ಲಿ 1967ರವರೆಗೆ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಅರ್ತ್ ಆಗಿರುತ್ತಿತ್ತು. ಅಂಥ ಕಾರನ್ನು ನೆಗೆಟಿವ್ ಅರ್ತಿಗೆ ಬದಲಾಯಿಸಿದವರು, ಅಥವಾ ಹೊಸ ಮೋಟರಿಗೆ ತಂತಿ ತಪ್ಪು ಕೊಟ್ಟವರು, ಗಾಳಿ ಬರ್ತಿಲ್ಲ ಅಂತ ಗೋಳಾಡುತ್ತಾರೆ. ಬುಟ್ಟಿಯಂಥ ಫ್ಯಾನ್ ಉಲ್ಟಾ ತಿರುಗಿದರೂ ಸ್ವಲ್ಪ ಗಾಳಿ ಹಾಕುತ್ತೆ, ಅದಕ್ಕೇ ಬೇಗ ಗೊತ್ತಾಗೋದಿಲ್ಲ. ಎರಡು ತಂತಿ ಬದಲಿಸಿದರೆ ಮುಗೀತು!

ಸರಿ, ಜೋರಿನ ಮೋಟರ್ ಹಾಕಬೇಕೋ ಬೇಡವೋ? ಫ್ಯಾನಿನ ಗಾಳಿ ಅದರ ವೇಗದಷ್ಟೇ ಹೆಚ್ಚುತ್ತೆ, ಆದರೆ ಅದಕ್ಕೆ ಬೇಕಾದ ಶಕ್ತಿ ವೇಗದ ಘನದಷ್ಟು ಹೆಚ್ಚುತ್ತೆ. ಅಂದರೆ ಅದೇ ಫ್ಯಾನಿನಿಂದ ಕಾಲು ಭಾಗ ಹೆಚ್ಚು ಗಾಳಿ ಬೇಕಾದರೆ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು. ಡೈನಮೋ ಇರುವ ಕಾರಿಗೆ ನಾನಂತೂ ಬೇಡ ಅನ್ನುತ್ತೇನೆ. ಆಲ್ಟರ್ನೇಟರ್ ಇದ್ದರೆ (ಎಂಜಿಬಿಗೆ ಅದೂ 1967ರಲ್ಲೇ ಬಂತು) ಹಾಕಬಹುದು, ಆದರೆ ದಪ್ಪ ತಂತಿ, ಬೇರೆ ಫ್ಯೂಸ್, ಒಂದು ರಿಲೇ ಸಮೇತ.

ಅದಕ್ಕೂ ಮೊದಲು ಮೋಟರಿನ ಹತ್ತಿರವೇ ವೋಲ್ಟ್ ಅಳೆಯಿರಿ. ಬ್ಯಾಟರಿಯಲ್ಲಿ 12 ಇದ್ದದ್ದು ತುಕ್ಕು ಹಿಡಿದ ಸ್ವಿಚ್ಚು, ಸಡಿಲ ಅರ್ತು ದಾಟಿ ಬರುವಷ್ಟರಲ್ಲಿ 9 ಆಗಿರಬಹುದು. ಗಾಳಿ ಬರುವ ದಾರಿಯಲ್ಲಿ ತರಗೆಲೆ ತುಂಬಿರಬಹುದು, ಇಲಿ ಸಂಸಾರ ಹೂಡಿರಬಹುದು. ಪುಟ್ಟ ರೇಡಿಯೇಟರಿನಲ್ಲಿ ಕೆಸರು ಕಟ್ಟಿದ್ದರೆ ಎಂಥ ಮೋಟರ್ ಹಾಕಿದರೂ ತಣ್ಣನೆ ಗಾಳಿಯೇ ಜೋರಾಗಿ ಬರುತ್ತೆ. 'ಕುಂಯ್' ಅನ್ನೋದು ಹೆಚ್ಚಾಗಿ ಒಣಗಿದ ಕಂಚಿನ ಬುಷ್, ಎರಡು ಹನಿ ತೆಳು ಎಣ್ಣೆ ಕೇಳುತ್ತಿದೆ ಅಷ್ಟೇ. ಬ್ರಷ್ ಸವೆದಿದ್ದರೆ ಹೊಸದು ಹಾಕಿ. ಅಷ್ಟಾದರೂ ಆಗದಿದ್ದರೆ ಹೊಸ ಮೋಟರ್ ತನ್ನಿ, ಆದರೆ ಅದನ್ನು ಕೂರಿಸಲು ಹೀಟರ್ ಡಬ್ಬಿಯನ್ನು ಕತ್ತರಿಸಬೇಡಿ. ಬಿಚ್ಚಿದ ಹಳೇ ಮೋಟರನ್ನು ಒರೆಸಿ, ಯಾವ ಕಾರಿನದು ಅಂತ ಒಂದು ಚೀಟಿ ಅಂಟಿಸಿ ಡಿಕ್ಕಿಯಲ್ಲಿಡಿ. ಕಾರು ಮುಂದೆ ಯಾರ ಕೈಗೆ ಹೋಗುತ್ತೋ ಅವರು ಹುಡುಕಬಹುದು.