ಪಾಪಿಂಗ್ ಹುಟ್ಟಿದ ಊರು ಯಾವುದು?

ಇವತ್ತಿನ ಎಪಿಸೋಡ್ ತಪ್ಪೊಪ್ಪಿಗೆಯಿಂದಲೇ ಶುರು. ಹೋದ ಸಲ ನಾನು, ಪಾಪಿಂಗ್ ಡ್ಯಾನ್ಸ್ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ್ದು ಅಂತ ಧೈರ್ಯವಾಗಿ ಹೇಳಿಬಿಟ್ಟಿದ್ದೆ. ಅದು ತಪ್ಪು.

ಗೊತ್ತಾಗಿದ್ದು ಡ್ಯಾನ್ಸ್ ಕ್ಲಾಸಿನಲ್ಲಿ. ಬಿ.ಕಾಂ. ಓದಿ, 28ನೇ ವಯಸ್ಸಿಗೆ ಹಿಪ್‌ಹಾಪ್ ಕಲಿಯೋಕೆ ಹೋದವನು ನಾನು. ಮೊದಲ ಪಾಠವೇ ಐಸೊಲೇಷನ್. ಅಂದ್ರೆ ದೇಹದ ಒಂದು ಭಾಗ ಮಾತ್ರ ಚಲಿಸಬೇಕು, ಉಳಿದದ್ದು ಅಲುಗಾಡಬಾರದು. ಎದೆಯನ್ನು ಬಲಕ್ಕೆ ಸರಿಸು ಅಂದ್ರೆ, ಮದುವೆಗೆ ಹೊರಟ ನೆಂಟರ ಹಾಗೆ ಭುಜ, ಸೊಂಟ ಎಲ್ಲ ಜೊತೆಗೇ ಹೊರಟವು! ಮೇಷ್ಟ್ರು ನಕ್ಕು, "ಇದು ಯಾವ ಊರಿಂದ ಬಂತು ಗೊತ್ತೇನೋ?" ಅಂದ್ರು. "ಬ್ರಾಂಕ್ಸ್ ಸರ್" ಅಂದೆ. "ಹೋಗಿ ಸರಿಯಾಗಿ ಓದ್ಕೊಂಡು ಬಾ" ಅಂದ್ರು.

ಓದಿದೆ. ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತ ಆಚರಿಸೋದು 1973ರ ಆಗಸ್ಟ್ 11ನ್ನು, ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯ ದಿನವನ್ನು. ಆದರೆ ಪಾಪಿಂಗ್ ಬೆಳೆದದ್ದು ದೇಶದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಿನಲ್ಲಿ. ಅಲ್ಲಿನ ಸ್ಯಾಮ್ ಸಾಲೊಮನ್, ಎಲ್ಲರ ಬಾಯಲ್ಲಿ ಬೂಗಲೂ ಸ್ಯಾಮ್, 1977ರಲ್ಲಿ ಕಟ್ಟಿದ ತಂಡವೇ ಎಲೆಕ್ಟ್ರಿಕ್ ಬೂಗಲೂಸ್. ಅವರು ಕುಣಿದದ್ದು ಫಂಕ್ ಸಂಗೀತಕ್ಕೆ. ತಾಳ ಬಿದ್ದಾಗ ತೋಳು, ತೊಡೆ, ಎದೆಯ ಸ್ನಾಯುಗಳನ್ನು ಗಕ್ಕನೆ ಬಿಗಿದು ಸಡಿಲಿಸಬೇಕು. ಅದೇ ಪಾಪ್. ಆಮೇಲೆ ಏನಾಯ್ತು? 1980ರ ದಶಕದಲ್ಲಿ ಟಿವಿ, ಸಿನಿಮಾಗಳು ಎಲ್ಲದಕ್ಕೂ 'ಬ್ರೇಕ್‌ಡ್ಯಾನ್ಸ್' ಅಂತ ಒಂದೇ ಹೆಸರಿಟ್ಟವು. ಫ್ರೆಸ್ನೋ ಹೆಸರು ಹಿಂದೆ ಸರಿಯಿತು.

ಐಸೊಲೇಷನ್ ಇನ್ನೂ ಹಳೆಯದು. ಭುಜಕ್ಕೊಂದು ಲಯ, ಸೊಂಟಕ್ಕೊಂದು ಲಯ ಇಟ್ಟುಕೊಳ್ಳುವುದು ಪಶ್ಚಿಮ ಆಫ್ರಿಕಾದ ಕುಣಿತಗಳಲ್ಲಿದೆ. ಗುಲಾಮರಾಗಿ ಸಾಗಿಸಲ್ಪಟ್ಟವರ ಜೊತೆ ಅದು ಅಮೆರಿಕ ಖಂಡಕ್ಕೆ ಬಂತು. ನರ್ತಕಿ, ಮಾನವಶಾಸ್ತ್ರಜ್ಞೆ ಕ್ಯಾಥರೀನ್ ಡನ್‌ಹ್ಯಾಮ್ 1930ರ ದಶಕದಲ್ಲಿ ಹೈಟಿಗೆ ಹೋಗಿ ಅಲ್ಲಿನ ಕುಣಿತ ಅಧ್ಯಯನ ಮಾಡಿ, ಐಸೊಲೇಷನ್ ಇರುವ ತಮ್ಮದೇ ಶಿಕ್ಷಣ ಪದ್ಧತಿ ಕಟ್ಟಿದರು.

"ಭರತನಾಟ್ಯದಲ್ಲೂ ಕತ್ತು ಒಂದೇ ಆಡುತ್ತಲ್ಲಾ?" ಅಂತ ನೀವು ಕೇಳಬಹುದು. ಹೌದು, 'ಅಭಿನಯ ದರ್ಪಣ'ದಲ್ಲಿ ನಾಲ್ಕು ಗ್ರೀವಾಭೇದಗಳಿವೆ. ಜ್ಯಾಕ್ ಕೋಲ್ ಅನ್ನೋ ಅಮೆರಿಕನ್ ನೃತ್ಯ ಸಂಯೋಜಕ ಭರತನಾಟ್ಯದ ಚಲನೆ ಕಲಿತು ಜಾಝ್ ಸಂಗೀತಕ್ಕೆ ಕೂಡಿಸಿದ್ದೂ ನಿಜ. ಮೈಸೂರಿನಲ್ಲಿ ಹುಟ್ಟಿದ, ಭರತನಾಟ್ಯ ಕಲಿತ ಪ್ರಭುದೇವ 1994ರ 'ಕಾದಲನ್' ಚಿತ್ರದ 'ಮುಕ್ಕಾಬುಲಾ'ದಲ್ಲಿ ಕುಣಿದಿದ್ದು ನೆನಪಿದೆಯಲ್ಲ? ಆದರೂ 'ಹಿಪ್‌ಹಾಪ್ ನಮ್ಮಿಂದಲೇ ಹೋಗಿದ್ದು' ಅಂತ ಫಾರ್ವರ್ಡ್ ಮಾಡಬೇಡಿ. ಹೋಲಿಕೆ ಬೇರೆ, ಮೂಲ ಬೇರೆ.

ಕಾಮರ್ಸ್ ಕಲಿತವನಾಗಿ ಹೇಳ್ತೀನಿ, ಕ್ರೆಡಿಟ್ ತಪ್ಪು ಖಾತೆಗೆ ಹೋದ್ರೆ ಲೆಕ್ಕ ಪೂರ್ತಿ ಸುಳ್ಳು. ಬೀದಿಯಲ್ಲಿ ಕುಣಿದು ಕಲೆ ಕಟ್ಟಿದ ಹುಡುಗರಿಗೆ ಎಷ್ಟೋ ಸಲ ಉಳಿಯೋದು ಹೆಸರೊಂದೇ. ನಾನು ಅದನ್ನೂ ಬೇರೆ ಊರಿಗೆ ಬರೆದುಕೊಟ್ಟಿದ್ದೆ. ಹಳೇ ಎಪಿಸೋಡ್ ತಿದ್ದಿದ್ದೀನಿ.

ಎದೆ? ಎರಡು ತಿಂಗಳಾದ ಮೇಲೆ ಒಂದಿಂಚು ಸರಿದಿದೆ. ಸೊಂಟ ಇನ್ನೂ ಮಾತು ಕೇಳ್ತಿಲ್ಲ. ಮುಂದಿನ ವಾರ ಸಿಗೋಣ.