ಇಪ್ಪತ್ತೊಂದು ಕಾರ್ಡಿನಿಂದ ಸ್ಪ್ಯಾಮ್ ಫೋಲ್ಡರಿನ ತನಕ

ಬನಹಟ್ಟಿಯ ನಮ್ಮ ಗೆಳೆಯನ ಮನೆಯಲ್ಲಿ ಹಳೇ ಟ್ರಂಕು ತೆರೆದಾಗ, ಮಗ್ಗದ ಲೆಕ್ಕದ ಚೀಟಿಗಳ ನಡುವೆ ಒಂದು ಪೋಸ್ಟ್‌ಕಾರ್ಡು ಸಿಕ್ಕಿತು. ಅವನ ಅಜ್ಜನ ಹೆಸರಿಗೆ ಬಂದದ್ದು. ಕಳಿಸಿದವರ ಹೆಸರಿಲ್ಲ, ಊರಿಲ್ಲ. ಮೊದಲು ದೇವಿಯ ಮಹಿಮೆ ನಾಲ್ಕು ಸಾಲು. ಆಮೇಲೆ ಅಪ್ಪಣೆ: ಇದನ್ನು ಓದಿದವರು ಹೀಗೇ 21 ಕಾರ್ಡು ಬರೆದು 21 ಮಂದಿಗೆ ಕಳಿಸಬೇಕು. ಕಳಿಸಿದವರೊಬ್ಬರಿಗೆ ಹೊಲದಲ್ಲಿ ನಿಧಿ ಸಿಕ್ಕಿತಂತೆ, ಹರಿದು ಒಗೆದವರೊಬ್ಬರ ಮಗ ತೀರಿಕೊಂಡನಂತೆ. ಆ ಕಾರ್ಡಿನ ಜೊತೆಗೇ ದಾರದಿಂದ ಕಟ್ಟಿದ ನಾಲ್ಕು ಖಾಲಿ ಕಾರ್ಡುಗಳೂ ಇದ್ದವು.

ಅಜ್ಜಿಯನ್ನು ಕೇಳಿದೆವು. "ನಿಮ್ಮಜ್ಜ ಹದಿನೇಳು ಬರದ್ರು. ಮುಂದ ಕೈ ನೋವಾಗಾಕ ಹತ್ತೇತಿ ಅಂತ ಬಿಟ್ರು. ಏನೂ ಆಗ್ಲಿಲ್ಲ ಬಿಡ್ರಿ" ಅಂದು ನಕ್ಕರು.

ಆಗ ಕಾರ್ಡಿಗೆ 15 ಪೈಸೆ. ಹದಿನೇಳಕ್ಕೆ ಎರಡು ರೂಪಾಯಿ ಐವತ್ತೈದು ಪೈಸೆ. ನೇಕಾರನ ಮನೆಯಲ್ಲಿ ಅದು ಸಣ್ಣ ಖರ್ಚಲ್ಲ. ಇಲ್ಲಿ ಒಂದು ಸಂಗತಿ ನೋಡಿ: ಮೊದಲು ಬರೆದು ಬಿಟ್ಟವನಿಗೆ ತಗುಲಿದ್ದು ಬರೇ 21 ಕಾರ್ಡಿನ ಖರ್ಚು. ಉಳಿದ ಸಾವಿರಾರು ಕಾರ್ಡಿನ ರೊಕ್ಕ ಹಾಕಿದವರು ಹೆದರಿದವರೇ. ಪತ್ರ ತಾನೇ ನಡೆಯುತ್ತಿರಲಿಲ್ಲ, ಹೆದರಿಕೆ ಅದನ್ನು ಹೊತ್ತುಕೊಂಡು ಹೋಗುತ್ತಿತ್ತು.

ನಮ್ಮ ದೇಶಕ್ಕೆ ಪೋಸ್ಟ್‌ಕಾರ್ಡು ಬಂದದ್ದು 1879ರಲ್ಲಿ, ಕಾಲಾಣೆಗೆ ಒಂದು. ಆಗ ನಮ್ಮ ಈ ನಾಲ್ಕು ಊರುಗಳು ಬೇರೆ ಬೇರೆ ಒಡೆಯರ ಕೈಯಲ್ಲಿದ್ದವು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ಕಲಾದಗಿ ಜಿಲ್ಲೆಯದು. ಕಾರ್ಡಿಗೆ ಈ ಸೀಮೆಗಳ ಹಂಗಿರಲಿಲ್ಲ. 1975ರಲ್ಲಿ 'ಜೈ ಸಂತೋಷಿ ಮಾ' ಸಿನಿಮಾ ಬಂದ ಮೇಲೆ ಆ ದೇವಿಯ ಹೆಸರಿನ ಕಾರ್ಡುಗಳು ಬಹಳ ಬರತೊಡಗಿದವು ಎಂದು ಹಿರಿಯರು ನೆನೆಯುತ್ತಾರೆ. ತಿರುಪತಿ ತಿಮ್ಮಪ್ಪನ ಹೆಸರಿನಲ್ಲೂ ಬಂದವು. ರೊಕ್ಕ ಇದ್ದವರು ಕೈಯಿಂದ ಬರೆಯುವ ಕಷ್ಟ ಬಿಟ್ಟು ಪ್ರೆಸ್ಸಿನಲ್ಲಿ ಕರಪತ್ರ ಹೊಡೆಸಿ ಬಸ್‌ಸ್ಟ್ಯಾಂಡಿನಲ್ಲಿ ಹಂಚುತ್ತಿದ್ದರು.

ಇಂಥ ಬೇಡದ ಪತ್ರಕ್ಕೆ ಈಗ ನಾವೆಲ್ಲ ಸ್ಪ್ಯಾಮ್ ಅನ್ನುತ್ತೇವೆ. ಆ ಹೆಸರಿನ ಕಥೆ ಮಜವಾಗಿದೆ. ಸ್ಪ್ಯಾಮ್ ಎಂದರೆ ಅಮೆರಿಕದ ಹಾರ್ಮೆಲ್ ಕಂಪನಿ 1937ರಲ್ಲಿ ಮಾರಾಟಕ್ಕೆ ತಂದ ಡಬ್ಬಿ ಮಾಂಸ. 1970ರಲ್ಲಿ ಇಂಗ್ಲೆಂಡಿನ ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡ ಟಿವಿಗೆ ಒಂದು ಖಾನಾವಳಿಯ ದೃಶ್ಯ ಮಾಡಿತು. ಗಿರಾಕಿ ಏನು ಕೇಳಿದರೂ ಅದರೊಳಗೆ ಸ್ಪ್ಯಾಮ್ ಇದ್ದೇ ಇರುತ್ತದೆ. ಪಕ್ಕದ ಟೇಬಲ್ಲಿನವರು ಮಾತು ಕೇಳದಂತೆ ಸ್ಪ್ಯಾಮ್ ಸ್ಪ್ಯಾಮ್ ಎಂದು ಹಾಡುತ್ತಾರೆ. ಮುಂದೆ ಕಂಪ್ಯೂಟರಿನಲ್ಲಿ ಬೇಡದ ಸಂದೇಶಗಳು ಬೇಕಾದ ಮಾತನ್ನು ಮುಚ್ಚಿಹಾಕತೊಡಗಿದಾಗ ಅದೇ ಹೆಸರು ಅಂಟಿಕೊಂಡಿತು.

ಹೆಸರಿಗಿಂತ ಮೊದಲೇ ಕೆಲಸ ಶುರುವಾಗಿತ್ತು. 1978ರ ಮೇ 3ರಂದು ಅಮೆರಿಕದ ಒಂದು ಕಂಪ್ಯೂಟರ್ ಕಂಪನಿಯ ಗ್ಯಾರಿ ಥುವರ್ಕ್ ಎಂಬಾತ ತನ್ನ ಹೊಸ ಯಂತ್ರ ನೋಡಲು ಬನ್ನಿ ಎಂದು ಸುಮಾರು 400 ಮಂದಿಗೆ ಒಂದೇ ಸಲ ಇ-ಮೇಲ್ ಕಳಿಸಿದ. ಆಗಿನ್ನೂ ಇಂಟರ್ನೆಟ್ ಇರಲಿಲ್ಲ, ಅದರ ಹಿರಿಯಣ್ಣ ಆರ್ಪಾನೆಟ್ ಇತ್ತು. ಬಹಳ ಮಂದಿ ಸಿಟ್ಟಾದರು. ಬನಹಟ್ಟಿಯ ಅಜ್ಜನಿಗೆ ಹದಿನೇಳು ಬರೆಯುವಷ್ಟರಲ್ಲಿ ಕೈ ಸೋತಿತು, ಥುವರ್ಕನಿಗೆ ನಾನೂರು ಕಳಿಸಿದರೂ ಕೈ ನೋಯಲಿಲ್ಲ.

ಸ್ಪ್ಯಾಮಿನ ಮುತ್ತಜ್ಜನನ್ನು ಹುಡುಕಿದರೆ ಇನ್ನೂ ಹಿಂದೆ ಹೋಗಬಹುದು. 1864ರಲ್ಲೇ ಲಂಡನ್ನಿನ ಹಲ್ಲಿನ ವೈದ್ಯರು ತಂತಿ ಕಳಿಸಿ ಜಾಹೀರಾತು ಮಾಡಿ ಬೈಸಿಕೊಂಡಿದ್ದರು. ನಮ್ಮ ಕಡೆ ತಾರು ಬಂದರೆ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ಶಬ್ದಕ್ಕಿಷ್ಟು ಎಂದು ರೊಕ್ಕ ಕೊಡಬೇಕಾದ ತಾರಿನಲ್ಲಿ ಹಲ್ಲಿನ ಜಾಹೀರಾತು ಕಳಿಸುವ ಶ್ರೀಮಂತರು ಇಲ್ಲಿ ಯಾರಿದ್ದರು? ಆ ತಾರು 2013ರ ಜುಲೈನಲ್ಲಿ ನಿಂತೇ ಹೋಯಿತು.

ಅಂಚೆಯಲ್ಲಿ ಬರೀ ಹೆದರಿಕೆಯಲ್ಲ, ಆಸೆಯೂ ಬರುತ್ತಿತ್ತು. ಪತ್ರಿಕೆಯ ಕೊನೆಯ ಪುಟದಲ್ಲಿ ಒಂದು ಚಿತ್ರ ಗುರುತಿಸಿ, ರೇಡಿಯೋ ಗೆಲ್ಲಿ ಎನ್ನುವ ಜಾಹೀರಾತು. ಉತ್ತರ ಯಾರಿಗಾದರೂ ಗೊತ್ತಿರುವಂಥದ್ದೇ. ಉತ್ತರ ಕಳಿಸಿದ ಎಲ್ಲರೂ ಗೆಲ್ಲುತ್ತಿದ್ದರು! ಕೆಲವೇ ದಿನದಲ್ಲಿ ವಿ.ಪಿ.ಪಿ. ಪಾರ್ಸಲ್ಲು ಬರುತ್ತಿತ್ತು. ವಿ.ಪಿ.ಪಿ.ಯಲ್ಲಿ ಮೊದಲು ಪೋಸ್ಟ್‌ಮ್ಯಾನ್ ಕೈಗೆ ರೊಕ್ಕ, ಆಮೇಲೆ ಪೊಟ್ಟಣ. ಒಳಗೆ ಆಟಿಕೆಯ ರೇಡಿಯೋ ಇತ್ತೆಂದು ಕೆಲವರು, ಇಟ್ಟಂಗಿ ಇತ್ತೆಂದು ಕೆಲವರು ಹೇಳುತ್ತಾರೆ.

ಆದರೆ ಆ ಪಾರ್ಸಲ್ಲು ಬಿಚ್ಚುವುದು ಕಟ್ಟೆಯ ಮೇಲೆ, ಹತ್ತು ಮಂದಿಯ ಮುಂದೆ. ಒಬ್ಬ ಮೋಸ ಹೋದರೆ ಊರೇ ನಕ್ಕು, ಊರೇ ಶಾಣ್ಯಾ ಆಗುತ್ತಿತ್ತು. ಪತ್ರದ ಪಾಡೂ ಅದೇ. ಓದಲು ಬಾರದವರ ಮನೆಯ ಪತ್ರವನ್ನು ಪೋಸ್ಟ್‌ಮ್ಯಾನೋ ಸಾಲಿ ಮಾಸ್ತರರೋ ಓದಿ ಹೇಳುತ್ತಿದ್ದರು. ಓದುತ್ತಾ ಓದುತ್ತಾ ಅವರೇ "ಇದೆಲ್ಲಾ ಸುಳ್ಳೈತಿ, ಒಲೀಗಿ ಹಾಕು" ಅಂದುಬಿಡುತ್ತಿದ್ದರು. ಗುಟ್ಟು ಉಳಿಯುತ್ತಿರಲಿಲ್ಲ ಎನ್ನುವುದು ಖರೆ. ಸೊಸೆಯಂದಿರ ಪತ್ರ ಊರಿಗೆಲ್ಲಾ ಗೊತ್ತಾಗುತ್ತಿದ್ದ ಆ ಕಾಲವನ್ನು ನಾವು ಹೊಗಳುತ್ತಿಲ್ಲ. ಮೋಸದ ಪತ್ರಕ್ಕೆ ಮಾತ್ರ ಅಲ್ಲಿ ಹತ್ತು ಕಣ್ಣಿನ ಕಾವಲಿತ್ತು.

ನಮ್ಮ ಸರದಿ ಬಂದದ್ದು ಸೈಬರ್ ಕೆಫೆಯಿಂದ. ಭಾರತದಲ್ಲಿ ಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ, ಅದೂ ಮೊದಲಿಗೆ ದೊಡ್ಡ ನಗರಗಳಲ್ಲಿ. ನಮ್ಮ ತಾಲ್ಲೂಕು ಊರುಗಳಿಗೆ ಅದು ಎಸ್.ಟಿ.ಡಿ. ಬೂತು, ಝೆರಾಕ್ಸ್ ಅಂಗಡಿಗಳ ಬೆನ್ನು ಹತ್ತಿ ಬಂತು. ನಮ್ಮಲ್ಲಿ ಹೆಚ್ಚಿನವರ ಮೊದಲ ಇ-ಮೇಲ್ ಐಡಿ ಮಾಡಿಕೊಟ್ಟವನು ಕೆಫೆಯ ಅಣ್ಣ. ಕಾಲೇಜು ಅರ್ಜಿಗೋ ನೌಕರಿ ಅರ್ಜಿಗೋ ಐಡಿ ಬೇಕಿತ್ತು. ಪಾಸ್‌ವರ್ಡು ಅವನ ನೋಟುಬುಕ್ಕಿನಲ್ಲಿ. ಎಲ್ಲರಿಗೂ ಒಂದೇ ಪಾಸ್‌ವರ್ಡು, ಹೆಸರಿನ ಮುಂದೆ ಒಂದು ಎರಡು ಮೂರು. ಅರ್ಧ ಊರಿನ ಅಂಚೆಪೆಟ್ಟಿಗೆಯ ಕೀಲಿ ಒಂದು ನೋಟುಬುಕ್ಕಿನಲ್ಲಿತ್ತು. ಪುಣ್ಯಾತ್ಮ ಒಳ್ಳೆಯವನಿದ್ದ.

ಆ ಪೆಟ್ಟಿಗೆ ತೆರೆದರೆ ಬೇಕಾದ್ದು ಒಂದು, ಬೇಡದ್ದು ಮೂವತ್ತು. ಆಫ್ರಿಕಾದ ರಾಜಕುಮಾರನ ಕೋಟಿಗಟ್ಟಲೆ ಡಾಲರು, ನಾವು ಟಿಕೀಟೇ ತಗೊಳ್ಳದ ಲಂಡನ್ ಲಾಟರಿ. ಇದೂ ಹೊಸದಲ್ಲ. ಸ್ಪೇನಿನ ಜೈಲಿನಲ್ಲಿ ಶ್ರೀಮಂತನೊಬ್ಬ ಇದ್ದಾನೆ, ಬಿಡಿಸಲು ರೊಕ್ಕ ಕಳಿಸಿ, ಹತ್ತು ಪಟ್ಟು ಕೊಡುತ್ತಾನೆ ಎನ್ನುವ ಪತ್ರಗಳು 19ನೇ ಶತಮಾನದಲ್ಲೇ ಯುರೋಪು, ಅಮೆರಿಕದ ಅಂಚೆಯಲ್ಲಿ ಓಡಾಡುತ್ತಿದ್ದವು. ಇಷ್ಟು ದಡ್ಡ ಪತ್ರವನ್ನು ಯಾಕೆ ಬರೆಯುತ್ತಾರೆ ಎಂದು ನಾವು ನಗುತ್ತಿದ್ದೆವು. 2012ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಾಕ್ ಹರ್ಲಿ ಇದಕ್ಕೊಂದು ಉತ್ತರ ಕೊಟ್ಟ: ಅದು ಬೇಕೆಂದೇ ದಡ್ಡದಾಗಿರುತ್ತದೆ. ಪತ್ರ ಕಳಿಸಲು ಖರ್ಚಿಲ್ಲ, ಆದರೆ ಉತ್ತರ ಬರೆದವರ ಜೊತೆ ವಾರಗಟ್ಟಲೆ ಮಾತಾಡಲು ಹೊತ್ತು ಬೇಕು. ಸಂಶಯದವರು ಮೊದಲೇ ಸಾಣಿಗೆಯಿಂದ ಕೆಳಗೆ ಬಿದ್ದುಹೋಗಲಿ, ನಂಬುವವರಷ್ಟೇ ಮೇಲೆ ಉಳಿಯಲಿ ಎನ್ನುವ ಲೆಕ್ಕ. ನಾವು ನಕ್ಕು ಅಳಿಸಿದ್ದರಿಂದ ಮೋಸಗಾರನಿಗೆ ಉಪಕಾರವೇ ಆಯಿತು.

ಮೇಲ್ ಕಂಪನಿಗಳೂ ತಮ್ಮ ಸಾಣಿಗೆ ಹಿಡಿದವು. ಯಾವ ಶಬ್ದ ಸ್ಪ್ಯಾಮಿನಲ್ಲಿ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಪತ್ರವನ್ನು ತೂಗುವ ವಿಧಾನ 2002ರ ಹೊತ್ತಿಗೆ ಹೆಸರು ಮಾಡಿತು. ಅನುಮಾನದ ಪತ್ರ ಬೇರೆ ಫೋಲ್ಡರಿಗೆ ಹೋಗುತ್ತದೆ, ಜಿಮೇಲಿನಲ್ಲಿ 30 ದಿನಕ್ಕೆ ತಾನೇ ಅಳಿಸಿಹೋಗುತ್ತದೆ. ಬೀಳಗಿ ತಾಲ್ಲೂಕಿನ ನಮ್ಮ ಗೆಳತಿಯ ಮೊದಲ ಸಂದರ್ಶನದ ಕರೆ ಅಲ್ಲೇ ಬಿದ್ದಿತ್ತು. ಆಕೆ ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು ಕೆಫೆಯಲ್ಲಿ ಮೇಲ್ ನೋಡುತ್ತಿದ್ದಳು. ಸ್ಪ್ಯಾಮ್ ಎಂಬ ಫೋಲ್ಡರ್ ಒಂದಿದೆ ಎಂದು ಯಾರೂ ಹೇಳಿರಲಿಲ್ಲ. ನೋಡಿದಾಗ ತಾರೀಖು ಮುಗಿದು ಒಂಬತ್ತು ದಿನ. ಈಗಲೂ ಆಕೆ ಮೊದಲು ಸ್ಪ್ಯಾಮ್ ಫೋಲ್ಡರ್ ನೋಡಿ ಆಮೇಲೆ ಇನ್‌ಬಾಕ್ಸಿಗೆ ಬರುತ್ತಾಳೆ.

ನಾವು ಪತ್ರಿಕೆಗಳಿಗೆ ಕಳಿಸಿದ ವರದಿಗಳದ್ದು ಇನ್ನೊಂದು ಗೋಳು. ನುಡಿಯಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆಯುತ್ತಿತ್ತು. ಕುಡಿಯುವ ನೀರಿನ ವರದಿಯೂ ನೋಡಲು ಸ್ಪ್ಯಾಮಿನಂತೆಯೇ ಕಾಣುತ್ತಿತ್ತು. ಯೂನಿಕೋಡ್ ಬಳಕೆ ಹೆಚ್ಚಿದ ಮೇಲೆ ಆ ಕಾಟ ತಪ್ಪಿತು. ಕನ್ನಡ ಎಲ್ಲರ ಫೋನಿನಲ್ಲೂ ಕಾಣುವಂತಾಯಿತು, ಮೋಸಗಾರರಿಗೂ ಕನ್ನಡ ಸಿಕ್ಕಿತು.

ಊರಿನ ಹೆಚ್ಚು ಮಂದಿಗೆ ಇ-ಮೇಲಿನ ಗೋಜೇ ಇರಲಿಲ್ಲ, ಅವರಿಗೆ ಸ್ಪ್ಯಾಮ್ ಎಂದರೆ ಎಸ್.ಎಂ.ಎಸ್. ಕಾಲರ್ ಟ್ಯೂನು, ಜ್ಯೋತಿಷ್ಯ, ಸೈಟು, ಸಾಲ. ತಿಳಿಯದ ಇಂಗ್ಲಿಷಿನ ಮೆಸೇಜಿಗೆ ಒಂದು ಒತ್ತಿದರೆ ಕರೆನ್ಸಿ ಖಾಲಿ. ಸರ್ಕಾರಿ ನಿಯಂತ್ರಕ ಟ್ರಾಯ್ 2007ರಲ್ಲಿ ಮೊದಲ ನಿಯಮ ತಂದಿತು. 2011ರ ಸೆಪ್ಟೆಂಬರ್ 27ರಿಂದ ಒಂದು ಸಿಮ್ಮಿನಿಂದ ದಿನಕ್ಕೆ 100 ಎಸ್.ಎಂ.ಎಸ್. ಮಾತ್ರ ಎಂದಿತು, ಸ್ವಲ್ಪ ದಿನಕ್ಕೆ ಅದನ್ನು 200 ಮಾಡಿತು. 2018ರ ನಿಯಮದ ಪ್ರಕಾರ ಕಂಪನಿಗಳು ತಮ್ಮ ಹೆಸರು, ಮೆಸೇಜಿನ ನಮೂನೆ ಎರಡನ್ನೂ ಮೊದಲೇ ನೋಂದಾಯಿಸಬೇಕು. ಅದನ್ನು 2021ರ ಮಾರ್ಚ್ 8ರಂದು ಬಿಗಿಯಾಗಿ ಜಾರಿ ಮಾಡಲು ಹೋದಾಗ ದೇಶದ ತುಂಬ ಓಟಿಪಿಗಳೇ ನಿಂತುಬಿಟ್ಟವು. ಹಿರಿಯರ ಕೋವಿಡ್ ಲಸಿಕೆ ಶುರುವಾಗಿ ಆಗಷ್ಟೇ ಒಂದು ವಾರ. ಮರುದಿನವೇ ಆ ಜಾರಿಯನ್ನು ಒಂದು ವಾರ ಮುಂದೂಡಿದರು. 2025ರಿಂದ ಕಂಪನಿ ಮೆಸೇಜುಗಳ ಹೆಸರಿನ ಕೊನೆಗೆ ಇಂಗ್ಲಿಷಿನ ಒಂದು ಅಕ್ಷರ ಬರುತ್ತಿದೆ, ನೋಡಿರಬಹುದು. ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆ, ಟಿ ಇದ್ದರೆ ವ್ಯವಹಾರ, ಜಿ ಇದ್ದರೆ ಸರ್ಕಾರ. ಒಳ್ಳೆಯದೇ. ಆದರೆ ಇಂಗ್ಲಿಷ್ ಅಕ್ಷರ ಬಾರದ ನಮ್ಮವ್ವಂದಿರಿಗೆ ಅದರಿಂದೇನು ಉಪಯೋಗ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು, ವಾಟ್ಸ್ಆ್ಯಪ್ ಹೊಲದ ಬದುವಿಗೂ ಬಂತು. 21 ಮಂದಿಗೆ ಕಳಿಸಿ ಎನ್ನುವ ದೇವರ ಕಾರ್ಡು ಈಗ 11 ಗ್ರೂಪಿಗೆ ಕಳಿಸಿ ಎಂದಾಯಿತು. ಅದರಿಂದ ಯಾರೂ ಸತ್ತಿಲ್ಲ. ಮಕ್ಕಳ ಕಳ್ಳರ ಫಾರ್ವರ್ಡಿನಿಂದ ಸತ್ತರು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಎಂದು ಮಿತಿ ಹಾಕಿತು. ಬನಹಟ್ಟಿಯ ಅಜ್ಜನನ್ನು ಹದಿನೇಳಕ್ಕೆ ನಿಲ್ಲಿಸಿದ ಕೈನೋವನ್ನು ಕಂಪನಿ ಬೇರೆ ರೀತಿಯಲ್ಲಿ ಮತ್ತೆ ತಂದಂತಾಯಿತು.

ಈಗಿನ ಮೆಸೇಜಿಗೆ ರಾಜಕುಮಾರ ಬೇಕಿಲ್ಲ. ಅದಕ್ಕೆ ನಮ್ಮೂರಿನ ಕಷ್ಟ ಗೊತ್ತು. ಮುಧೋಳದ ಕಡೆ ಕಬ್ಬಿನ ಬಿಲ್ಲಿನ ದಾರಿ ಕಾಯುತ್ತಾರೆ. ಬೀಳಗಿ, ಜಮಖಂಡಿ ಕಡೆ ಆಲಮಟ್ಟಿ ಹಿನ್ನೀರು, 2019ರಂಥ ಪ್ರವಾಹ ಕಂಡವರಿಗೆ ಪರಿಹಾರ ಎನ್ನುವ ಶಬ್ದ ಕಂಡರೆ ಕೈ ತಾನೇ ಒತ್ತುತ್ತದೆ. ರಬಕವಿಯಲ್ಲಿ ಸೀರೆಯ ದೊಡ್ಡ ಆರ್ಡರ್ ಎಂದರೆ ಯಾರು ಬೇಡ ಎನ್ನುತ್ತಾರೆ? ಪಿಎಂ ಕಿಸಾನಿನ ಎರಡು ಸಾವಿರ, ಗೃಹಲಕ್ಷ್ಮಿಯ ಎರಡು ಸಾವಿರ ಎಂದು ಹೆಸರು ಹೇಳಿಕೊಂಡು ಲಿಂಕು ಬರುತ್ತದೆ, ಎಪಿಕೆ ಎಂಬ ಫೈಲು ಬರುತ್ತದೆ. ಆ ಫೈಲು ಹಾಕಿಕೊಂಡು ಕೇಳಿದ್ದಕ್ಕೆಲ್ಲ ಹೂಂ ಒತ್ತಿದರೆ ನಮ್ಮ ಮೆಸೇಜುಗಳನ್ನು ಬೇರೆ ಯಾರೋ ಓದುತ್ತಾರೆ, ಓಟಿಪಿ ನಾವು ಹೇಳಬೇಕಾದ ಅಗತ್ಯವೂ ಇರುವುದಿಲ್ಲ.

ಮುಧೋಳ ತಾಲ್ಲೂಕಿನ ಒಬ್ಬ ಕಾಕಾ ನಮಗೆ ತಮ್ಮ ಕಥೆ ಹೇಳಿದರು, ಹೆಸರು ಊರು ಬರೆಯಬಾರದೆಂಬ ಮಾತಿನ ಮೇಲೆ. ರಾತ್ರಿ ಹತ್ತರ ಮೇಲೆ, ಮನೆಯವರೆಲ್ಲ ಮಲಗಿದ ಮೇಲೆ, ಮದುವೆ ಕಾರ್ಡು ಎಂಬ ಫೈಲು ಬಂತು. ಕಳಿಸಿದ್ದು ಪರಿಚಯದವರದೇ ನಂಬರು. ಬೆಳಿಗ್ಗೆ ನೋಡಿದರೆ ಕಬ್ಬಿನ ಬಿಲ್ಲಿನ ರೊಕ್ಕ ಖಾತೆಯಲ್ಲಿಲ್ಲ. ಕಾಕಾ ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ.

"ಯಾಕ್ರೀ ಕಾಕಾ, ಅವತ್ತ 1930ಕ್ಕ ಫೋನ್ ಹಚ್ಚಿದ್ರ ರೊಕ್ಕ ತಡೀಬಹುದಿತ್ತಲ್ರೀ?"

"ನಂಬರ್ ಗೊತ್ತಿತ್ತೋ ತಮ್ಮಾ. ಮಂದಿ ನಗ್ತಾರಂತ ಸುಮ್ನಿದ್ದೆ. ಮಗಾ ಡಿಗ್ರಿ ಓದ್ಯಾನ, ಅವಂಗ ಹೆಂಗ ಹೇಳ್ಲಿ?"

ಹನ್ನೆರಡನೆಯ ದಿನ ಅವರ ಹೆಂಡತಿಗೆ ಗೊತ್ತಾದದ್ದು ಗೊಬ್ಬರದ ಅಂಗಡಿಯ ಬಾಕಿ ಕೇಳಲು ಆಳು ಬಂದಾಗ. ದೂರು ಕೊಟ್ಟಿದ್ದಾರೆ, ಒಂದಿಷ್ಟು ರೊಕ್ಕ ಎಲ್ಲೋ ಒಂದು ಖಾತೆಯಲ್ಲಿ ತಡೆಹಿಡಿದಿದೆ ಎಂದು ತಿಳಿದಿದೆ. ಈಗ ಕಾಕಾ ಸಂಜೆ ಹಾಲು ಹಾಕಲು ಡೈರಿಗೆ ಬಂದಾಗ ಫೋನು ತೆಗೆದು, ಅವತ್ತು ಬಂದ ಅಪರಿಚಿತ ಮೆಸೇಜುಗಳನ್ನು ಸಾಲಿನಲ್ಲಿ ನಿಂತವರ ಮುಂದೆ ಹಿಡಿಯುತ್ತಾರೆ. ಯಾರಾದರೂ ಹುಡುಗರು ಗಟ್ಟಿಯಾಗಿ ಓದುತ್ತಾರೆ. ನಾವು ಹೋದ ದಿನ ಓದಿದ್ದು ಒಂದು ಸಾಲದ ಮೆಸೇಜು, ಬೆಳಿಗ್ಗೆ ಅದೇ ಮೆಸೇಜು ತಮಗೂ ಬಂದಿದೆ ಎಂದು ಸಾಲಿನಲ್ಲಿದ್ದ ನಾಲ್ಕು ಮಂದಿ ಫೋನು ತೆಗೆದರು. ಕಾಕಾನ ರೊಕ್ಕ ಇನ್ನೂ ಬಂದಿಲ್ಲ.